ಮಗನ ದಾಡಿ ಕತ್ತಿ, ಅತ್ತಿಯವರ ಪಟ್ಟಾ

ಇಳಗಿ, ಚಾಕು, ಕತ್ತರಿ, ಈ ಮೂರರ ಬಗ್ಗೆ ಯಾರರೆ ಕೇಳಿದ್ರ ನಾವು ಹೆಣ್ಣಮಕ್ಕಳು ನಿದ್ದಿಗಣ್ಣಾಗೂ ಹೇಳ್ತೀವಿ. ಯಾವ ಇಳಗಿ ಮ್ಯಾಲೆ ಸವತಿಕಾಯಿ ಸಣ್ಣಗ ಹೆಚ್ಚಲಿಕ್ಕೆ ಬರ್ತದ, ಯಾವುದರ ಮ್ಯಾಲೆ ಕುಂಬಳಕಾಯಿ ಸೀಳಬೇಕು, ಯಾವ ಕತ್ತರಿ ಬಟ್ಟಿಗೆ, ಯಾವುದು ಹಾಲಿನ ಪಾಕೀಟಿಗೆ, ಎಲ್ಲಾ ಬಾಯಿಪಾಠ. ಆದ್ರ ಗಂಡಸರು ದಾಡಿ ಮಾಡ್ಕೊಳ್ಳೋ ಕತ್ತಿ ಬಗ್ಗೆ ನಾನು ಎಂದೂ ವಿಚಾರ ಮಾಡಿದಾಕಿ ಅಲ್ಲ. ಈ ವರ್ಷ ಮಾಡೋ ಪ್ರಸಂಗ ಬಂತು. ಎರಡು ತಿಂಗಳು ನಮ್ಮ ಮನಿಯೊಳಗ ಊಟದ ಹೊತ್ತಿಗೂ ಅದೇ ಮಾತು, ಚಹಾದ ಹೊತ್ತಿಗೂ ಅದೇ ಮಾತು. ಮೊನ್ನೆ ನಮ್ಮ ವೈನಿ ಫೋನ್ ಮಾಡಿ "ನಮ್ಮ ಅಳಿಯಗೂ ಅಂಥಾದ್ದೇ ಒಂದು ಬೇಕಂತ, ಏನೇನು ನೋಡಿ ತೊಗೋಬೇಕು ಹೇಳವಾ" ಅಂದ್ರು. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಬರದು ಹಾಕಿದ್ರ ಎಲ್ಲಾರಿಗೂ ಆಗ್ತದ ಅಂತ ಕೂತೀನಿ.

ಸುರುವಾದದ್ದು ಮಗನ ಕುತ್ತಿಗಿಯಿಂದ. ಅವಗ ಈಗ ಇಪ್ಪತ್ತೇಳು. ಹುಬ್ಬಳ್ಳಿಯೊಳಗ ನೌಕರಿ, ದಿನಾ ಧಾರವಾಡದಿಂದ ಹೋಗಿ ಬರ್ತಾನ. ಕೆಲಸಕ್ಕ ದಾಡಿ ನುಣ್ಣಗ ಮಾಡ್ಕೊಂಡೇ ಹೋಗಬೇಕು. ಅವನ ಕೂದಲಾ ಅವರಪ್ಪನಂಗ ಗುಂಗುರು. ನಾಕೈದು ಬ್ಲೇಡು ಒಂದರ ಹಿಂದ ಒಂದು ಇರೋ ರೇಜರ್ ದಿನಾ ಎಳದು ಎಳದು ಗದ್ದದ ಕೆಳಗ, ಕುತ್ತಿಗಿ ಮ್ಯಾಲೆ ಕೆಂಪು ಕೆಂಪು ಗುಳ್ಳಿ ಎದ್ದಿದ್ದವು. ಕೆಲವು ಕೀವಾಗಿ ಒಡದು, ಅಂಗಿ ಕಾಲರಿಗೆ ರಕ್ತದ ಕಲಿ. ತೊಳಿಯಾಕಿ ನಾನಲ್ಲಾ, ಅವ ಮುಚ್ಚಿಟ್ರೂ ನನಗ ಗೊತ್ತಾಗೇ ಆಗ್ತದ.

ಚರ್ಮದ ಡಾಕ್ಟರ ಕಡೆ ಕರಕೊಂಡು ಹೋದ್ವಿ. ಅವರು ಭಾಳ ಛಂದ ತಿಳಿಸಿ ಹೇಳಿದ್ರು. ಸಾಲಾಗಿ ಬ್ಲೇಡು ಇದ್ದ ರೇಜರಿನೊಳಗ ಮುಂದಿನ ಬ್ಲೇಡು ಕೂದಲಾ ಜಗ್ಗಿ ಎತ್ತತದಂತ, ಹಿಂದಿನವು ಅದನ್ನ ಚರ್ಮದ ಮಟ್ಟಕ್ಕಿಂತ ಕೆಳಗ ಕೊಯ್ತಾವಂತ. ಗುಂಗುರು ಕೂದಲಾ ತಿರುಗಿ ಬೆಳಿಯೋ ಮುಂದ ನೆಟ್ಟಗ ಹೊರಗ ಬರೂದಿಲ್ಲ, ಸೊಟ್ಟಾಗಿ ಒಳಗೇ ಚುಚ್ಚಿಕೋತದ. ಅದೇ ಗುಳ್ಳಿ. "ಒಂದು ತಿಂಗಳು ದಾಡಿ ಮಾಡ್ಕೋಬ್ಯಾಡ. ಆಮ್ಯಾಲೆ ಮಷಿನ್ ಹಚ್ಚಿ ಸಣ್ಣಗ ಕತ್ತರಿಸಿಕೋ, ಅದೇ ಎಲ್ಲಾಕ್ಕಿಂತ ಛಲೋ. ನುಣ್ಣಗ ಆಗಲೇಬೇಕಂದ್ರ ಒಂದೇ ಬ್ಲೇಡಿಂದು ಹಿಡಿ, ಕೂದಲಾ ಹೋದ ದಿಕ್ಕಿಗೇ ಎಳಿ" ಅಂದ್ರು.

ಆ ತಿಂಗಳು ದಾಡಿ ಬಿಟ್ಕೊಂಡು ಕೂತಾಗ ಇವನ ತಲಿಯೊಳಗ ಹೊಕ್ಕಿದ್ದು ಈ ಕತ್ತಿ ವಿಚಾರ. ಮಡಚೋ ಕತ್ತಿ. ಹಿಂದಿಯವರು ಉಸ್ತರಾ ಅಂತಾರ, ಮರಾಠಿಯವರು ವಸ್ತರಾ ಅಂತಾರ. "ಅದೂ ಒಂದೇ ಅಲಗು ಅಲ್ಲೇನಮ್ಮಾ? ಒಮ್ಮೆ ತೊಗೊಂಡ್ರ ಜನ್ಮಪೂರ್ತಿ ಆಗ್ತದ, ದಿನಾ ಪ್ಲಾಸ್ಟಿಕ್ ಒಗಿಯೋದೂ ತಪ್ಪತದ" ಅಂದಾ.

ನಮ್ಮನಿಯವರು ನಕ್ಕೋತ "ದುಡ್ಡು ಕೊಟ್ಟು ಕೊಳ್ಳಾಗ ಕತ್ತಿ ಇಟ್ಕೊಳ್ಳಾಂವ ನೀ ಒಬ್ಬನೇ ನೋಡಪಾ" ಅಂದ್ರು. ಅತ್ತಿಯವರು ಮಾತ್ರ ನಗಲಿಲ್ಲ. ಎಂಬತ್ನಾಕು ವರ್ಷದವರು, ಮನಿಯೊಳಗಿನ ಯಾವ ವಿಷಯಕ್ಕೂ ಅಡ್ಡ ಬರೋರಲ್ಲ. ಅವತ್ತು "ನಾ ಇರೋತನಕ ಆ ಕತ್ತಿ ಈ ಮನ್ಯಾಗ ಬರಬಾರದು" ಅಂದು, ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದು ಹೋದ್ರು. ಮನಿಯೊಳಗ ಕ್ಷೌರದ ಕತ್ತಿ ಇರಬಾರದು ಅಂತ ಏನರೆ ಶಾಸ್ತ್ರ ಇರಬೇಕು ಅಂತ ನಾವು ಅಷ್ಟಕ್ಕ ಬಿಟ್ವಿ. ಮಗ "ಅಜ್ಜಿಗೆ ಹೇಳಲಾರದ ತರಸ್ತೀನಿ" ಅಂದಾ. ನಾ ಒಪ್ಪಲಿಲ್ಲ. "ಮೊದಲ ಅದು ಏನು, ಎಂಥಾದ್ದು ಪೂರ್ತಿ ತಿಳ್ಕೊ. ಆಮ್ಯಾಲೆ ಅಜ್ಜಿ ಮುಂದ ಕೂತು ಕೇಳೋಣು. ಅವರು ಬ್ಯಾಡ ಅಂದ್ರ ಬ್ಯಾಡ" ಅಂದೆ.

ಅವ ಓದಿ ಓದಿ ತಿಳ್ಕೊಂಡಾ. ನಾನು ನಮ್ಮ ಓಣಿಯ ಕಟಿಂಗ್ ಅಂಗಡಿ ಕಾಕಾನ್ನ ಕೇಳಿದೆ. ಹಡಪದ ಮನೆತನದವರು, ಅಂಗಡಿಯೊಳಗ ಕನ್ನಡಿ ಮ್ಯಾಲೆ ಬಸವಣ್ಣನವರ ಜೊತಿಗಿದ್ದ ಹಡಪದ ಅಪ್ಪಣ್ಣನವರ ಫೋಟೋ ಹಾಕ್ಯಾರ. ಅವರ ಅಪ್ಪನ ಕಾಲದಾಗ ಖರೇ ಕತ್ತಿ, ಪಟ್ಟಾ, ಸಾಣಿಕಲ್ಲು ಎಲ್ಲಾ ಇದ್ದವಂತ. ಈಗ ಅವರು ಹಿಡಿಯೋದು ಕತ್ತಿಯಂಗ ಕಾಣೋ ಒಂದು ಹಿಡಿಕಿ ಅಷ್ಟ. ಒಂದು ಬ್ಲೇಡು ನಡು ಮುರದು ಅರ್ಧ ಅದರೊಳಗ ಸಿಗಸ್ತಾರ, ಒಬ್ಬರ ದಾಡಿ ಆದ ಕೂಡಲೇ ಒಗೀತಾರ. ಒಬ್ಬರ ರಕ್ತ ಇನ್ನೊಬ್ಬರಿಗೆ ಹತ್ತಿದ್ರ ಕಾಮಣಿ ರೋಗ, ಎಚ್‌ಐವಿ ಬರ್ತಾವಲ್ಲಾ, ಅದಕ್ಕ ಅಂಗಡಿಯೊಳಗ ಇದೇ ಬರೋಬ್ಬರಿ.

ಮೊದಲು ಲೋಕದಾಗೆಲ್ಲಾ ಖರೇ ಕತ್ತೀನೇ ಇತ್ತು. 1903ರೊಳಗ ಅಮೇರಿಕಾದಾಗ ಕಿಂಗ್ ಜಿಲೆಟ್ ಅನ್ನಾಂವ ಬ್ಲೇಡು ಬದಲಿಸೋ ರೇಜರ್ ಮಾರಲಿಕ್ಕೆ ತಗದಾ. ಆ ವರ್ಷ ಖರ್ಚಾದದ್ದು ಬರೇ 51 ರೇಜರ್ ಅಂತ! ಆಮ್ಯಾಲೆ ಏನಾತು ನಮಗೆಲ್ಲಾ ಗೊತ್ತೇ ಅದ. ಮಸಿಯೋ ಕೆಲಸ ತಪ್ಪಿತು, ಕತ್ತಿ ಅಟ್ಟ ಸೇರಿತು.

ಹಿಂಗಾಗಿ ಇವತ್ತು ಯಾರರೆ "ಕತ್ತಿ ತೊಗೋತೀನಿ" ಅಂದ್ರ ಮೊದಲ ಪ್ರಶ್ನೆ ಇದು: ಬ್ಲೇಡು ಹಾಕೋ ಹಿಡಿಕಿ ಬೇಕೋ, ಖರೇ ಕತ್ತಿ ಬೇಕೋ? ಬ್ಲೇಡು ಹಾಕೋದು ಕೆಲವು ನೂರು ರೂಪಾಯಿಗೆ ಸಿಗ್ತದ. ಮಸಿಯೋದು ಬ್ಯಾಡ, ಸಾಣಿ ಬ್ಯಾಡ. ಆದ್ರ ಅದು ಹಗೂರ, ಬ್ಲೇಡು ಭಾಳ ತೀಕ್ಷ್ಣ, ಕೈ ಒಂದಿಷ್ಟು ಸೊಟ್ಟಾದ್ರೂ ಕೊಯ್ದೇ ಬಿಡತದ. ಖರೇ ಕತ್ತಿಗೆ ತೂಕ ಇರತದ, ಅದರ ಭಾರಕ್ಕೇ ಕೂದಲಾ ಹೋಗತದ, ಹಿಂಗಾಗಿ ಮುಖಕ್ಕ ಮೆತ್ತಗ. ಆದ್ರ ಅದನ್ನ ಮನಿ ಆಕಳದಂಗ ನೋಡ್ಕೋಬೇಕು. ಮಗನ ಮನಸ್ಸು ಖರೇ ಕತ್ತಿ ಮ್ಯಾಲೆ.

ಈಗ ಆರಿಸೋ ವಿಷಯಕ್ಕ ಬರ್ತೀನಿ. ಕತ್ತಿ ಅಂದ್ರ ಕತ್ತಿ, ಅದರಾಗೇನು ಆರಿಸೋದು ಅಂತ ನಾನೂ ತಿಳ್ಕೊಂಡಿದ್ದೆ. ಇಲ್ಲ, ಸೀರಿ ಆರಿಸಿದಂಗ ಅದರಾಗೂ ಅಗಲ, ಅಂಚು, ಪೋತ ಎಲ್ಲಾ ಅದ.

ಅಗಲ. ಬೆನ್ನಿನಿಂದ ಬಾಯಿತನಕ ಅಲಗು ಎಷ್ಟು ಅಗಲ ಅನ್ನೋದನ್ನ ಇಂಚಿನ ಎಂಟನೇ ಭಾಗದ ಲೆಕ್ಕದಾಗ ಹೇಳ್ತಾರ. 4/8 ಅಂದ್ರ ಅರ್ಧ ಇಂಚು, 8/8 ಅಂದ್ರ ಪೂರ್ತಿ ಒಂದು ಇಂಚು. ಸಣ್ಣದು ಮೂಗಿನ ಕೆಳಗ ಛಲೋ ಹೊರಳತದ, ಆದ್ರ ಸಾಬಾಣಿನ ಬುರುಗು ಲಗೂನೇ ತುಂಬತದ. ಅಗಲಾದದ್ದು ಭಾರ, ಹೊಸಬರ ಕೈಗೆ ಒಡ್ಡೊಡ್ಡು. ಮೊದಲನೇ ಕತ್ತಿಗೆ 5/8 ಇಲ್ಲಾ 6/8, ಅಂದ್ರ ಹದಿನಾರರಿಂದ ಹತ್ತೊಂಬತ್ತು ಮಿಲಿಮೀಟರ್, ಸರಿ.

ಹೊಟ್ಟಿ. ಅಲಗಿನ ಎರಡೂ ಕಡೆ ತಗ್ಗು ಹೊಡದಿರತಾರ. ತಗ್ಗು ಭಾಳ ಇದ್ರ ಅಲಗು ತೆಳ್ಳಗ, ಕೂದಲಾ ಕೊಯ್ಯೋ ಮುಂದ ಸಣ್ಣ ದನಿ ಬರ್ತದ, ಕೈಗೆ ತಿಳೀತದ. ತಗ್ಗು ಇಲ್ಲದ್ದು ಬೆಣಿ ಇದ್ದಂಗ ದಪ್ಪ, ಗಟ್ಟಿ ಕೂದಲಕ್ಕ ಬರ್ತದ, ಆದ್ರ ಸಾಣಿ ಹಿಡಿಯೋದು ತ್ರಾಸು. ಅರ್ಧ ತಗ್ಗಿಂದು ಇಲ್ಲಾ ಪೂರ್ತಿ ತಗ್ಗಿಂದು, ಎರಡರಾಗ ಯಾವುದಾದ್ರೂ ಹೊಸಬರಿಗೆ ನಡೀತದ.

ತುದಿ. ಇದು ನಾವು ತಾಯಂದಿರು ತಪ್ಪದ ನೋಡಬೇಕಾದದ್ದು. ಕೆಲವು ಕತ್ತಿ ತುದಿ ಚೌಕು, ಮೂಲಿ ಸೂಜಿಯಂಗ. ಮೀಸಿ ಅಂಚು ನೆಟ್ಟಗ ತಗೀಲಿಕ್ಕೆ ಅದು ಬೇಕಂತ. ಹೊಸಬರಿಗೆ ಬ್ಯಾಡವೇ ಬ್ಯಾಡ, ಕಿವಿ ಪಾಳಿ ಹರೀತದ. ತುದಿ ಗುಂಡಗ ಇದ್ದದ್ದನ್ನೇ ತೊಗೋಬೇಕು.

ಉಕ್ಕು. ಎರಡು ನಮೂನಿ. ಒಂದು ಹಳೇ ಇಳಗಿ ಇರತದಲ್ಲಾ, ನೀರು ಉಳದ್ರ ಜಂಗು ಹಿಡಿಯೋದು, ಆ ಜಾತಿ. ಇನ್ನೊಂದು ಸ್ಟೀಲು. ಜಂಗು ಹಿಡಿಯೋ ಉಕ್ಕು ಸಾಣಿಗೆ ಲಗೂ ಬಗ್ಗತದ, ಒರಸಿ ಇಡೋ ಶಿಸ್ತು ಇರಬೇಕಷ್ಟ. ಸ್ಟೀಲು ಜಂಗಿಗೆ ತಡೀತದ, ಆದ್ರ ಸಾಣಿಗೆ ಹೊತ್ತು ಹಿಡೀತದ. ನಮ್ಮ ಅಡಗಿ ಮನಿಯೊಳಗೂ ಇದೇ ಕಥಿ ಅಲ್ಲೇನು? ಅಜ್ಜಿ ಕಾಲದ ಇಳಗಿ ಕಲ್ಲಿಗೆ ನಾಕು ಸಲ ತಿಕ್ಕಿದ್ರ ಹರಿತ. ಹೊಸಾ ಸ್ಟೀಲಿನ ಚಾಕು ಎಷ್ಟು ತಿಕ್ಕಿದ್ರೂ ಮುನಿಸಿಕೊಂಡೇ ಇರತದ.

ಕಡೀದು, ಎಲ್ಲಾಕ್ಕಿಂತ ದೊಡ್ಡದು: ಕತ್ತಿ ಮುಖಕ್ಕ ಹಚ್ಚೋ ಹಂಗ ಮಸದು ಬರ್ತದೋ ಇಲ್ಲೋ. ಹೊಸಾ ಕತ್ತಿ ಅಂದ ಮಾತ್ರಕ್ಕ ಹರಿತ ಇರತದಂತ ಅಲ್ಲ. ಪೆಟ್ಟಿಗ್ಯಾಗಿಂದ ತಗದು ಹಂಗೇ ಹಚ್ಚಿಕೊಂಡ್ರ ಕೂದಲಾ ಕೊಯ್ಯೋದರ ಬದಲಿ ಕೀಳತದ. ಕೈಯ ಬಲ್ಲವರು ಮಸದು ಕೊಡೋ ಕಡೆಯಿಂದಾನೇ ತೊಗೋಬೇಕು. ಇನ್ನ, ಫಳಫಳ ಹೊಳಿಯೋ, ಹಿಡಿಕಿ ಮ್ಯಾಲೆ ಹುಲಿ ನವಿಲು ಕೆತ್ತಿದ, ಐದುನೂರಕ್ಕ ಸಿಗೋ ಕತ್ತಿ ಇರತಾವಲ್ಲಾ, ಅವು ಶೋಕೇಸಿಗೆ ಸರಿ. ಉಕ್ಕು ಮೆತ್ತಗಿದ್ರ ಎಷ್ಟು ಮಸದ್ರೂ ಬಾಯಿ ನಿಲ್ಲೂದಿಲ್ಲ.

ಹಳೇ ಕತ್ತಿ ಸಿಕ್ರ? ನನ್ನ ತವರುಮನಿ ಅಟ್ಟದಾಗ ನಮ್ಮಪ್ಪಂದು ಒಂದು ಇತ್ತು, ತಮ್ಮ ಹುಡುಕಿ ಕಳಿಸಿದಾ. ಇಂಗ್ಲಂಡಿನ ಶೆಫೀಲ್ಡ್ ಅಂತ ಮುದ್ರಿ ಅದ. ಹಿಂದಕ ಛಲೋ ಕತ್ತಿ ಬರ್ತಿದ್ದದ್ದು ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್, ಫ್ರಾನ್ಸಿನ ಥಿಯೇರ್, ಈ ಊರುಗಳಿಂದ. ಸೋಲಿಂಗೆನ್ ಅನ್ನೋ ಹೆಸರು ಯಾರು ಬೇಕಾದವರು ಹಾಕಬಾರದು ಅಂತ ಜರ್ಮನಿಯವರು 1938ರಾಗೇ ಕಾಯದೆ ಮಾಡ್ಯಾರ. ಅಪ್ಪನ ಕತ್ತಿ ನೋಡಿ ನನಗ ಕಣ್ಣಾಗ ನೀರು ಬಂತು ಖರೇ, ಆದ್ರ ಕಣ್ಣೀರಿಲೆ ಕತ್ತಿ ಆರಿಸಲಿಕ್ಕೆ ಬರೂದಿಲ್ಲ. ಕಟಿಂಗ್ ಕಾಕಾನ ಮುಂದ ಹಿಡಿದ್ವಿ. ಬೆನ್ನಿನ ಮ್ಯಾಲೆ ಜಂಗು ಇದ್ರ ನಡೀತದ, ತಿಕ್ಕಿದ್ರ ಹೋಗತದ. ಬಾಯಿ ಹತ್ರ ಸಣ್ಣ ಸಣ್ಣ ತೂತಿನಂಗ ಜಂಗು ತಿಂದಿದ್ರ ಮುಗೀತು. ಗಡಿಗಿ ಕೊಳ್ಳೋ ಮುಂದ ಬಡದು ನೋಡ್ತೀವಲ್ಲಾ, ಹಂಗ ಅಲಗನ್ನೂ ಉಗುರಿಲೆ ಮೆಲ್ಲಕ ಮೀಟಿ ನೋಡ್ತಾರ. ಸೀಳು ಇದ್ರ ದನಿ ಒಡೀತದ. ಅಪ್ಪನ ಕತ್ತಿಗೆ ಬಾಯಿತುಂಬ ಜಂಗು. ಒರಸಿ, ಎಣ್ಣಿ ಹಚ್ಚಿ, ಅಪ್ಪನ ಚಷ್ಮಾದ ಜೋಡಿ ಟ್ರಂಕಿನ್ಯಾಗ ಇಟ್ಟೀನಿ. ಹಳೇ ಕತ್ತಿಗೆ ಆನಿದಂತದ ಹಿಡಿಕಿ ಇದ್ರ ಮಾತ್ರ ಕೊಳ್ಳೋ ವಿಚಾರ ಮಾಡಬ್ಯಾಡ್ರಿ, ನಮ್ಮ ದೇಶದಾಗ ಅದರ ವ್ಯಾಪಾರ ಅಪರಾಧ.

ಇಷ್ಟೆಲ್ಲಾ ತಿಳದ್ರೂ ಅತ್ತಿಯವರ ಮಾತು ಹಂಗೇ ಇತ್ತಲ್ಲಾ. ಒಂದಿನ ಮಧ್ಯಾಹ್ನ ಇಬ್ಬರೂ ಹತ್ತಿ ಬತ್ತಿ ಹೊಸಕೋತ ಕೂತಾಗ ಮೆತ್ತಗ ಕೇಳಿದೆ, "ಅತ್ಯಾ, ಕತ್ತಿ ಮನ್ಯಾಗ ಯಾಕ ಬ್ಯಾಡ? ಶಾಸ್ತ್ರ ಏನರೆ ಅದ ಏನು?"

ಅವರು ಭಾಳ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ ಹೇಳಿದ್ರು. ಬೆಳಗಾವಿ ಕಡೆ ಅವರ ತವರುಮನಿ. ಅಲ್ಲೆ ಅವರಪ್ಪನ ಅಕ್ಕ ಇದ್ರು, ಇವರಿಗೆ ಸೋದರತ್ತಿ. ಒಂಬತ್ತಕ್ಕ ಮದುವಿ, ಹನ್ನೆರಡಕ್ಕ ಗಂಡ ಹೋದಾ. ಮೈನೆರೆದ ಮ್ಯಾಲೆ ತಲಿ ಬೋಳಿಸಿ ಕೆಂಪು ಸೀರಿ ಉಡಿಸಿದ್ರು. ನಮ್ಮ ಅತ್ತಿಯವರು ಏಳೆಂಟು ವರ್ಷದವರು ಇದ್ದಾಗ, ಅಂದ್ರ ಸ್ವಾತಂತ್ರ್ಯ ಬಂದ ಹೊತ್ತಿನಾಗ, ಆ ಸೋದರತ್ತಿಗೆ ನಲವತ್ತರ ಮ್ಯಾಲೆ. ಆಗೂ ತಿಂಗಳಾ ಒಬ್ಬ ಮುದುಕ ಕ್ಷೌರದವ ಹಿತ್ತಲ ಬಾಗಲದಿಂದ ಬರ್ತಿದ್ನಂತ, ಇನ್ನೂ ಬೆಳಕು ಹರೀಲಾರದ ಹೊತ್ತಿಗೆ. ಸೋದರತ್ತಿ ಗ್ವಾಡಿ ಕಡೆ ಮುಖ ಮಾಡಿ ಮಣಿ ಮ್ಯಾಲೆ ಕೂಡೋರು. ಮನಿಯವರು ಯಾರೂ ಹಿತ್ತಲಕ್ಕ ಹೋಗ್ತಿದ್ದಿಲ್ಲ. ಬಿಸಿನೀರಿನ ತಂಬಗಿ ಒಯ್ದು ಕೊಡೋ ಕೆಲಸ ಈ ಸಣ್ಣ ಹುಡುಗೀದು.

"ಆ ಮುದುಕ ಆಕಳ ಕೊಟ್ಟಿಗಿ ಕಂಬಕ್ಕ ಚರ್ಮದ ಪಟ್ಟಾ ಸಿಗಿಸಿ ಕತ್ತಿ ಮಸೀತಿದ್ದಾ. ಎಷ್ಟು ಹೊತ್ತು ಮಸೀತಿದ್ದಾ ಅಂತೀ. ನಾ ಒಮ್ಮೆ ಕೇಳಿದೆ, ಇಷ್ಟ್ಯಾಕ ಮಸೀತೀ ಅಜ್ಜಾ ಅಂತ. ಮೊಂಡ ಕತ್ತಿ ನೋಯಸ್ತದವ್ವಾ, ಈ ತಾಯಿಗೆ ಅದೊಂದರೆ ಆಗಬಾರದು ಅಂದಾ" ಅಂದ್ರು ಅತ್ತಿಯವರು. "ಅವ ಕಡೀತನಕ ತಲಿ ಎತ್ತಿ ಮಾತಾಡಲಿಲ್ಲ. ಅತ್ತಿ ಒಂದಿನಾನೂ ಬ್ಯಾಡ ಅನ್ನಲಿಲ್ಲ. ಬೇಕೋ ಬ್ಯಾಡೋ ಅಂತ ಅಕಿಗೆ ಯಾರೂ ಕೇಳಲೂ ಇಲ್ಲ. ಕರಕರ ಸಪ್ಪಳಷ್ಟ. ಈಗೂ ಆ ಸಪ್ಪಳ ನನ್ನ ಕಿವ್ಯಾಗ ಅದ."

ನಾ ಬತ್ತಿ ಹೊಸಿಯೋದು ಬಿಟ್ಟು ಸುಮ್ಮನ ಕೂತೆ. ಮೂವತ್ತು ವರ್ಷ ಒಂದೇ ಮನ್ಯಾಗ ಇದ್ದೀವಿ, ಈ ಮಾತು ಎಂದೂ ಅವರ ಬಾಯಿಂದ ಬಂದಿದ್ದಿಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದಾಗ, ಪ್ರೇಮಾ ಕಾರಂತರು ಮಾಡಿದ ಅದರ ಸಿನೆಮಾ ಟಿವಿಯೊಳಗ ಬಂದಾಗ, ಇವರು ನಡಬರಕ ಎದ್ದು ಅಡಗಿ ಮನಿಗೆ ಹೋಗಿದ್ದು ನನಗ ಆಗ ನೆನಪಾತು. ಎಲ್ಲೋ ಮಲೆನಾಡಿನ ಕಥಿ, ಭಾಳ ಹಿಂದಿನ ಕಾಲದ್ದು ಅಂತ ನಾವು ನೋಡಿದ್ವಿ. ಅವರಿಗೆ ಅದು ತಮ್ಮ ಹಿತ್ತಲ.

ರಾತ್ರಿ ಮಗಗ ಹೇಳಿದೆ. ಅವನೂ ಸುಮ್ಮನಾದ. ಎರಡು ದಿನ ಬಿಟ್ಟು ತಾನೇ ಅಜ್ಜಿ ಕಡೆ ಹೋಗಿ ಕೂತಾ. "ಅಜ್ಜಿ, ನನಗ ಕತ್ತಿ ಬ್ಯಾಡ, ಮಷಿನ್ ಹಚ್ಚಿಕೋತೀನಿ" ಅಂದಾ. ಮತ್ತ ಅವ ಎಲ್ಲೋ ಓದಿದ ಒಂದು ಸಂಗತಿ ಹೇಳಿದಾ. 1890ರಾಗ ಮುಂಬೈಯೊಳಗ ನಾರಾಯಣ ಮೇಘಾಜಿ ಲೋಖಂಡೆ ಅನ್ನೋ ಗಿರಣಿ ಕಾರ್ಮಿಕರ ಮುಖಂಡರು ಕ್ಷೌರದವರನ್ನೆಲ್ಲಾ ಕೂಡಿಸಿ ಸಭಾ ಮಾಡಿದ್ರಂತ. ವಿಧವೆಯರ ತಲಿ ನಾವು ಬೋಳಿಸೂದಿಲ್ಲ ಅಂತ ಅಲ್ಲೆ ಠರಾವು ಆತಂತ. ಆಗ ನಮ್ಮ ಧಾರವಾಡ, ಬೆಳಗಾವಿನೂ ಮುಂಬೈ ಇಲಾಖೆಯೊಳಗೇ ಇದ್ದವು. ಅತ್ತಿಯವರು ಕೇಳಿ, "ನಮ್ಮೂರಿಗೆ ಆ ಸುದ್ದಿ ಯಾರು ತರಬೇಕು. ಬಂದಿದ್ರ ಆ ಮುದುಕಂತೂ ಕತ್ತಿ ಕೆಳಗಿಡ್ತಿದ್ದಾ" ಅಂದ್ರು.

ಸ್ವಲ್ಪ ಹೊತ್ತಿನ ಮ್ಯಾಲೆ ಅವರೇ ಮೊಮ್ಮಗನ ಕುತ್ತಿಗಿ ಮುಟ್ಟಿ ನೋಡಿದ್ರು. ಗುಳ್ಳಿ ಮಾಗಿದ ಕಪ್ಪು ಕಲಿ ಇದ್ದವು. "ತರಸ್ಕೊ. ಕತ್ತೀದೇನು ತಪ್ಪದ. ಆದ್ರ ಮೊದಲ ಪಟ್ಟಾ ತರಸು, ಅದರ ಮ್ಯಾಲೆ ಕೈ ಕುಂತ ಮ್ಯಾಲೆ ಕತ್ತಿ. ಮತ್ತ ನಿನ್ನ ಕತ್ತಿ ನಿನ್ನ ಮುಖಕ್ಕಷ್ಟ ಹತ್ತಬೇಕು. ಬ್ಯಾರೆ ಯಾರ ಗದ್ದಕ್ಕೂ ಇಲ್ಲ, ಯಾರ ತಲಿಗೂ ಇಲ್ಲ" ಅಂದ್ರು.

ಮೊದಲ ಪಟ್ಟಾ, ಆಮ್ಯಾಲೆ ಕತ್ತಿ. ಇಷ್ಟು ದಿನ ಅಗಲ, ತುದಿ, ಉಕ್ಕು ಅಂತ ತಲಿ ಕೆಡಿಸಿಕೊಂಡವರಿಗೆ ಇದು ಹೊಳದಿದ್ದಿಲ್ಲ. ಕತ್ತಿ ಒಮ್ಮೆ ಕೊಳ್ಳೋದು, ಮಸಿಯೋದು ದಿನಾ. ದಿನಾ ಮಸಿಯೋ ಕೈ ಇಲ್ಲಂದ್ರ ಹತ್ತು ಸಾವಿರದ ಕತ್ತೀನೂ ವಾರದಾಗ ಮೊಂಡು, ಮೊಂಡ ಕತ್ತಿ ಹರಿತ ಕತ್ತಿಗಿಂತ ಹೆಚ್ಚು ಕೊಯ್ತದ. ಯಾಕಂದ್ರ ಅದು ಹೋಗಲಾರದ್ದಕ್ಕ ನಾವು ಒತ್ತತೀವಿ. ಇಳಗಿ ಮ್ಯಾಲೆ ಕೈ ಕೊಯ್ಕೊಂಡವರಿಗೆ ಇದು ಬಿಡಿಸಿ ಹೇಳೋದು ಬ್ಯಾಡ.

ಪಟ್ಟಾ ತರಿಸಿದ್ವಿ. ಮೂರು ಇಂಚು ಅಗಲ, ಒಂದು ಮೊಳಕ್ಕಿಂತ ಸ್ವಲ್ಪ ಉದ್ದ, ಒಂದು ಮಗ್ಗಲು ದಪ್ಪ ಅರಿವಿ, ಒಂದು ಮಗ್ಗಲು ಚರ್ಮ. ಮೊದಲನೇ ಪಟ್ಟಾ ತುಟ್ಟೀದು ಬ್ಯಾಡ, ಕಲಿಯೋ ಮುಂದ ಕತ್ತಿ ಹತ್ತಿ ಅಲ್ಲಲ್ಲೆ ಕೊಯ್ದು ಹೋಗತದ. ಬಾಗಲ ಕೊಂಡಿಗೆ ಒಂದು ತುದಿ ಸಿಗಿಸಿ, ಇನ್ನೊಂದು ತುದಿ ಎಡಗೈಲೆ ಬಿಗಿ ಹಿಡೀಬೇಕು. ಸಡಿಲು ಬಿಟ್ರ ಪಟ್ಟಾ ಜೋತು ಬಿದ್ದು ಅಲಗಿನ ಬಾಯಿ ಗುಂಡಾಗತದ. ಬೆನ್ನು ಮುಂದ, ಬಾಯಿ ಹಿಂದ, ಹಂಗ ಎಳೀಬೇಕು. ತುದಿಗೆ ಹೋದ ಮ್ಯಾಲೆ ಬೆನ್ನಿನ ಮ್ಯಾಲೇ ಹೊರಳಿಸಿ ವಾಪಸ್ ಬರಬೇಕು. ಬಾಯಿ ಮ್ಯಾಲೆ ಹೊರಳಿಸಿದ್ರ ಪಟ್ಟಾನೂ ಹೋತು, ಅಲಗೂ ಹೋತು. ಅರಿವಿ ಮ್ಯಾಲೆ ಇಪ್ಪತ್ತು ಸಲ, ಚರ್ಮದ ಮ್ಯಾಲೆ ಐವತ್ತು ಸಲ, ಒತ್ತಲಾರದ.

ಕತ್ತಿ ಇನ್ನೂ ಬಂದಿದ್ದಿಲ್ಲ. ಬ್ರೆಡ್ಡಿಗೆ ಬೆಣ್ಣಿ ಸವರೋ ಮೊಂಡ ಚಾಕು ಹಿಡದು ಎರಡು ವಾರ ದಿನಾ ಮುಂಜಾನೆ ಅವನ ಅಭ್ಯಾಸ ನಡೀತು. ಅತ್ತಿಯವರು ಜಪದ ಸರ ಹಿಡಕೊಂಡು ಕಟ್ಟಿ ಮ್ಯಾಲೆ ಕೂತು ನೋಡೋರು. "ಬೆನ್ನು ಹೊರಳಸು. ಅವಸರ ಮಾಡಬ್ಯಾಡ. ಆ ಮುದುಕ ಹಿಂಗ ಮಾಡ್ತಿದ್ದಿಲ್ಲ" ಅಂತ ನಡನಡವ ಹೇಳೋರು. ಎಂಬತ್ನಾಕು ವರ್ಷದ ಹೆಣ್ಣಮಗಳು ಕ್ಷೌರದ ಪಟ್ಟಾ ಹಿಡಿಯೋದು ಕಲಸ್ತಾರಂದ್ರ ಓಣಿಯವರು ನಗಬಹುದು, ನಗಲಿ.

ಆಮ್ಯಾಲೆ ಕತ್ತಿ ಬಂತು. ಸೋಲಿಂಗೆನ್ನಿನದು, 5/8, ತುದಿ ಗುಂಡಗ, ಜಂಗು ಹಿಡಿಯೋ ಉಕ್ಕು, ಸಾದಾ ಕಪ್ಪು ಹಿಡಿಕಿ, ಮಸದು ಕೊಟ್ಟದ್ದು. ಹನ್ನೆರಡು ಸಾವಿರಕ್ಕ ಸ್ವಲ್ಪ ಕಡಿಮಿ. ನನ್ನ ಎದಿ ಧಸಕ್ಕಂತು, ಆದ್ರ ಅವ ತನ್ನ ಪಗಾರದಾಗ ನಾಕು ತಿಂಗಳು ಕೂಡಿಸಿದ್ದಾ. ಮಾತಾಡಲಿಕ್ಕೆ ನನಗ ಜಾಗಾ ಇರಲಿಲ್ಲ.

ಹಚ್ಚಿಕೊಳ್ಳೋ ರೀತಿನೂ ಹೇಳಿ ಬಿಡ್ತೀನಿ. ಬಿಸಿನೀರಿನ ಸ್ನಾನದ ನಂತರ, ಕೂದಲಾ ಮೆತ್ತಗಾದ ಮ್ಯಾಲೆ. ಬ್ರಶ್ಶಿಲೆ ಸಾಬಾಣು ಛಲೋತ್ನಾಗಿ ಬುರುಗು ಎಬ್ಬಿಸಬೇಕು. ಒಂದು ಕೈಲೆ ಚರ್ಮ ಬಿಗಿ ಎಳದು, ಇನ್ನೊಂದು ಕೈಲೆ ಕತ್ತಿ ಮೂವತ್ತು ಡಿಗ್ರಿ ಓರೆ ಹಿಡೀಬೇಕು. ಪೂರ್ತಿ ಮಲಗಿಸಿದ್ರ ಕೂದಲಾ ಜಗ್ಗತದ, ನೆಟ್ಟಗ ಎತ್ತಿದ್ರ ಚರ್ಮ ಕೊಯ್ತದ. ಅಡ್ಡಡ್ಡ ಜರಿಸಿದ್ರಂತೂ ಕೊಯ್ದಂಗೇ. ಮೊದಲನೇ ವಾರ ಬರೇ ಎರಡು ಗಲ್ಲ ಅಷ್ಟ, ಉಳದದ್ದು ಒಂದೇ ಬ್ಲೇಡಿನ ರೇಜರಿಲೆ. ಗದ್ದ, ಮೂಗಿನ ಕೆಳಗ, ಕುತ್ತಿಗಿ ಕಡೀಕ. ಮುಂಜಾನೆ ಬಸ್ಸಿನ ಗಡಿಬಿಡಿಯೊಳಗ ಬ್ಯಾಡ. ಇವ ರವಿವಾರ ಮತ್ತ ಬುಧವಾರ ಅರ್ಧ ತಾಸು ಲಗೂ ಏಳ್ತಾನ, ಉಳದ ದಿನ ಮಷಿನ್. ಎರಡು ಸಲ ಗದ್ದಕ್ಕ ಹತ್ತ್ಯದ, ಪಟಿಕ ತಿಕ್ಕಿದ್ರ ನಿಂತದ. ಗುಳ್ಳಿ ಪೂರ್ತಿ ಹೋಗ್ಯಾವ ಅನ್ನೂದಿಲ್ಲ, ಆದ್ರ ಕಾಲರಿಗೆ ರಕ್ತ ಕಂಡು ಎರಡು ತಿಂಗಳ ಮ್ಯಾಲಾತು.

ನಮ್ಮನಿಯವರು ಈಗ "ನಾನೂ ಒಂದು ಸಲ ನೋಡ್ಲಿ?" ಅಂತಾರ. ಅವರು ಹೃದಯದ ಸಲುವಾಗಿ ರಕ್ತ ತೆಳು ಮಾಡೋ ಗುಳಿಗಿ ತೊಗೋತಾರ, ಹತ್ತಿದ್ರ ನಿಲ್ಲೂದಿಲ್ಲ. ಮತ್ತ ಅಪ್ಪ ಮಗ ಆದ್ರೂ ಕತ್ತಿ ಒಬ್ಬರದು ಇನ್ನೊಬ್ಬರಿಗೆ ಬ್ಯಾಡ. ಅತ್ತಿಯವರ ಮಾತೂ ಅದೇ, ಡಾಕ್ಟರ ಮಾತೂ ಅದೇ. ಕೈ ನಡಗೋರು, ಸಕ್ಕರಿ ರೋಗದಿಂದ ಗಾಯ ಲಗೂ ಮಾಯಲಾರದವರು ಇದರ ಸುದ್ದಿಗೆ ಹೋಗಬಾರದು.

ಇಡೋ ರೀತಿ. ದಾಡಿ ಆದ ಕೂಡಲೇ ಮೆತ್ತನ ಅರಿವೀಲೆ ಒರಸಬೇಕು, ಒರಸೋದೂ ಬೆನ್ನಿನ ಕಡೆಯಿಂದ ಬಾಯಿ ಕಡೆಗೆ. ಹಿಡಿಕಿ ಸಂದಿಯೊಳಗ ನೀರು ಉಳೀಬಾರದು. ಮ್ಯಾಲೆ ಹೊಲಿಗಿ ಮಷಿನ್ನಿನ ಎಣ್ಣಿ ಒಂದು ಹನಿ. ಕೊಬ್ಬರಿ ಎಣ್ಣಿ ಬ್ಯಾಡ, ದಿನಾ ಹೋದಂಗ ಅಂಟಾಗತದ. ಬಚ್ಚಲದಾಗ ಇಡಬಾರದು, ಹಸಿಗೆ ಜಂಗು ಬರ್ತದ. ಮನ್ಯಾಗ ಸಣ್ಣ ಹುಡುಗರಿದ್ರ ಕಪಾಟಿನ್ಯಾಗ ಕೀಲಿ ಹಾಕ್ರಿ. ವಿಮಾನದಾಗ ಕೈಚೀಲದೊಳಗ ಒಯ್ಯಲಿಕ್ಕೆ ಬಿಡೂದಿಲ್ಲ.

ಕೆಲವು ತಿಂಗಳಿಗೊಮ್ಮೆ ಪಟ್ಟಾ ಸಾಲೂದಿಲ್ಲ, ಕಲ್ಲು ಬೇಕಾಗತದ. ನಮ್ಮ ಓಣಿಗೆ ಸೈಕಲ್ ಮ್ಯಾಲೆ ಚಕ್ರ ತಿರಗಿಸಿಕೋತ ಸಾಣಿ ಹಿಡಿಯಾಂವ ಬರ್ತಾನಲ್ಲಾ, ಅವನ ಕೈಯಾಗ ಕೊಡಬ್ಯಾಡ್ರಿ. ಇಳಗಿ ಕತ್ತರಿಗೆ ಅವ ದೇವರು ಇದ್ದಂಗ, ಆದ್ರ ಚಕ್ರದ ಕಿಡಿಗೆ ಕತ್ತಿಯ ತೆಳು ಬಾಯಿ ಸುಟ್ಟು ಉಕ್ಕಿನ ಕಸುವು ಹೋಗತದ. ಇದಕ್ಕ ಭಾಳ ನುಣುಪಿನ ನೀರಿನ ಕಲ್ಲು ಬೇಕು, ಎಂಟು ಸಾವಿರ, ಹನ್ನೆರಡು ಸಾವಿರ ಅಂತ ನಂಬರ್ ಇರತಾವ. ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ಹತ್ತೋ ಹಂಗ ಮಲಗಿಸಿ ತಿಕ್ಕತಾರ. ಕಲಿಯೋತನಕ ಬಲ್ಲವರಿಂದ ಮಾಡಿಸಿದ್ರ ಛಲೋ.

ಹಬ್ಬಕ್ಕೋ, ಅಳಿಯನ ವರ್ಷದ ಉಡುಗೊರೆಗೋ ಕತ್ತಿ ಕೊಡಸೋ ವಿಚಾರ ಇದ್ದವರಿಗೆ ನಾ ಹೇಳೋದು ಇಷ್ಟ. ತುದಿ ಗುಂಡಗಿರಲಿ, ಅಗಲ 5/8 ಇಲ್ಲಾ 6/8 ಇರಲಿ, ಮಸದು ಕೊಡೋರ ಕಡೆ ತೊಗೊಳ್ರಿ. ಹಿಡಿಯಾಂವಗ ತನಗ ಬೇಕಾಗ್ಯದೋ ಇಲ್ಲೋ ಬಾಯಿ ಬಿಟ್ಟು ಕೇಳ್ರಿ. ದಿನಾ ಐದು ನಿಮಿಷ ಮಸಿಯೋ ತಾಳ್ಮಿ ಅವಗ ಇಲ್ಲಂದ್ರ ಆ ರೊಕ್ಕದಾಗ ಒಂದು ಛಲೋ ಮಷಿನ್ ಕೊಡಿಸ್ರಿ, ಅದರಾಗ ಕಡಿಮಿ ಏನಿಲ್ಲ. ತಾಳ್ಮಿ ಅದ ಅಂದ್ರ ಈ ತಿಂಗಳು ಬರೇ ಪಟ್ಟಾ ಕೊಡಿಸ್ರಿ. ಕತ್ತಿ ಮುಂದಿನ ತಿಂಗಳು ನೋಡಿದ್ರಾತು.